ವ್ಯಾಸಪೀಠದ ಇರುವೆಗಳು

"ರುದ್ರವ್ವಾರ, ನನ್ನ ಮ್ಯಾಲಿನ ಅಪವಾದ ನೀವ ತಗೀಬೇಕ್ರಿ!"

ಶರಣವ್ವ ರುದ್ರವ್ವನವರ ಬಾಗಿಲಿಗೆ ಬಂದು ನಿಂತಾಗ ನಾವಿನ್ನೂ ಚಹಾ ಮುಗಿಸಿರಲಿಲ್ಲ. ಅದು 1954. ಮುಲುಂಡ್‌ನ ನಮ್ಮ ಚಾಳಿನಲ್ಲಿ ಯಾವ ಗಂಟು ಬಿದ್ದರೂ ಬಿಡಿಸುತ್ತಿದ್ದವರು ನಿವೃತ್ತ ನರ್ಸ್ ರುದ್ರವ್ವ. ಪಕ್ಕದ ಖೋಲಿಯ ಈರಣ್ಣ, ಅಂದರೆ ನಾನು, ಅವರ ನೆರಳು.

ಶರಣವ್ವನ ಮಾವ ಸಿದ್ದಲಿಂಗಪ್ಪನವರು ಪುರಾಣ ಓದುವುದರಲ್ಲಿ ಎತ್ತಿದ ಕೈ. ದಿನಾ ಸಂಜೆ ಅವರ ಖೋಲಿಯಲ್ಲಿ ಚಾಳಿನವರು ಕೇಳಲು ಸೇರುತ್ತಿದ್ದರು. ಅವರ ನಾಲಗೆಯ ಕ್ಯಾನ್ಸರ್ ಕಿರಣ ಚಿಕಿತ್ಸೆಯಿಂದ ಮಾಯ್ದಿತ್ತು, ಆದರೆ ಬಾಯಿಯ ಜೊಲ್ಲೂ ಬತ್ತಿತ್ತು. ಈಗ ಎಡಗಡೆಯ ನಾಲ್ಕು ಹಲ್ಲು ಬುಡದಲ್ಲಿ ಕಪ್ಪಗಾಗಿದ್ದವು. ಕಿರಣ ಬಿದ್ದ ದವಡೆಯಿಂದ ಹಲ್ಲು ಕಿತ್ತರೆ ಗಾಯ ಮಾಯದೆ ಎಲುಬೇ ಕೊಳೆಯಬಹುದು. ಹುಳುಕು ನಿಂತರೆ ಮಾತ್ರ ತುಂಬಿ ಉಳಿಸಬಹುದು ಎಂದು ದಂತವೈದ್ಯರು ಒಂದು ತಿಂಗಳ ಗಡುವು ಕೊಟ್ಟಿದ್ದರು.

"ಸೋಡಾ-ಉಪ್ಪಿನ ನೀರಿಲೆ ಮಾವಾರ ಬಾಯಿ ತೊಳಸೂದು ನಾ ಮರತೀನಂತ, ಅದಕ್ಕ ಹಲ್ಲು ಹುಳುಕಾದ್ವಂತ. ತವರಿಗೆ ನಡಿ ಅಂತಾರ ನಮ್ಮವರು," ಎಂದು ಅವಳು ಕಣ್ಣೊರೆಸಿಕೊಂಡಳು.

ರುದ್ರವ್ವ ಶರಣವ್ವನ ಖೋಲಿಗೆ ಬಂದು ಇಂಚಿಂಚು ನೋಡಿದರು. ಸೋಡಾ ನೀರಿನ ಜಾಡಿ ಬಳಸಿ ಖಾಲಿಯಾಗಿತ್ತು. ಸಕ್ಕರೆ ಡಬ್ಬಿಯೂ ಖಾಲಿ. ವೈದ್ಯರು ಬೇಡವೆಂದಂದಿನಿಂದ ಮನೆಯವರಿಗೆಲ್ಲ ಸಪ್ಪೆ ಚಹಾವೇ. ಇರುವೆಯ ಸಾಲೊಂದು ಮಾತ್ರ ಅಡಿಗೆಯ ಮೂಲೆ ಬಿಟ್ಟು ಗ್ರಂಥವಿಟ್ಟು ಓದುವ ವ್ಯಾಸಪೀಠದ ಎಡಕ್ಕೆ ಹೊರಟಿತ್ತು.

"ಓದುವಾಗ ಮಾವನ ಎಡಕ್ಕ ಯಾರು ಕೂಡ್ತಾರ?"

"ನಾನೇ!" ಎಂದೆ ಹೆಮ್ಮೆಯಿಂದ.

ಸಂಜೆ ಓದಿನ ಹೊತ್ತಿಗೆ ಎಲ್ಲರೂ ಸೇರಿದರು. ರುದ್ರವ್ವ ಶರಣವ್ವನ ಗಂಡನತ್ತ ತಿರುಗಿದರು.

"ಬಸವಂತಪ್ಪಾ, ಬಾಯಿ ತೊಳೀದಿದ್ರ ಎರಡೂ ಕಡೆ ಹುಳುಕು ಬೀಳತಿತ್ತು. ಬರೇ ಎಡಕ್ಕ ಬಿದ್ದದ. ಅಂದ್ರ ಅಲ್ಲಿ ಏನೋ ಇಟ್ಟು ಕರಗಸ್ತಾರ. ಮನ್ಯಾಗ ಸಕ್ಕರಿ ಇಲ್ಲ, ಹೊರಗಿಂದ ಬರತದ. ಇರುವಿ ಜಾಗಾ ತೋರಿಸ್ಯಾವ. ಜೊಲ್ಲಿಲ್ಲದ ಬಾಯಿ ಓದುವಾಗ ಒಣಗ್ತದ, ದನಿ ಒಡೀತದ. ಆಗ ಭಕ್ತರಾದವ್ರು ಏನ ಕೊಡ್ತಾರ? ಈರಣ್ಣಾ, ಕಿಸೆ ತೆಗಿ."

ನಾನು ಕಿಸೆಯಿಂದ ಪೊಟ್ಟಣ ತೆಗೆದು ಬಿಚ್ಚಿದೆ. ಪೊಟ್ಟಣದಲ್ಲಿ ಕಲ್ಲುಸಕ್ಕರೆಯ ಐದು ಹರಳು. ಓದುವವರಿಗೆ ನನ್ನ ತಂದೆ ಕೊಡುತ್ತಿದ್ದರು, ನಾನೂ ಕೊಡುತ್ತಿದ್ದೆ. ಅದು ದನಿಗೆ ಔಷಧ, ಪದ್ಯಕ್ಕೆ ಕಾಣಿಕೆ. ಸಕ್ಕರೆಯೆಂದು ನನಗೆ ಹೊಳೆದೇ ಇರಲಿಲ್ಲ.

"ನಾನೂ ಬ್ಯಾಡ ಅನಲಿಲ್ಲವ್ವ," ಎಂದರು ಸಿದ್ದಲಿಂಗಪ್ಪ. "ಒಣಗಿದ ಬಾಯಿಗೆ ಅಮೃತ ಆಗಿತ್ತು."

"ತಪ್ಪಾತು," ಎಂದ ಬಸವಂತಪ್ಪ, ಹೆಂಡತಿಯ ಕಡೆಗೆ.

"ನಾಳಿಂದ ಜಾಡಿ ನೀವ ತುಂಬ್ರಿ," ಎಂದಳು ಶರಣವ್ವ.

ತಿಂಗಳ ಕೊನೆಗೆ ಹುಳುಕು ನಿಂತಿತ್ತು. ವೈದ್ಯರು ನಾಲ್ಕೂ ಹಲ್ಲನ್ನು ಕೀಳದೆ ತುಂಬಿದರು. ಆ ಸಂಜೆ ಮೊದಲ ಪದ್ಯ ಮುಗಿಯುತ್ತಿದ್ದಂತೆ ನನ್ನ ಕೈ ತಾನಾಗಿ ಕಿಸೆಗೆ ಹೋಯಿತು. ಬಾಗಿಲಲ್ಲಿ ಶರಣವ್ವ ಕೆಮ್ಮಿದಳು.

ನಾನು ನೀರಿನ ಲೋಟ ಎತ್ತಿ ಕೊಟ್ಟೆ.