ಕೇಳದೇ ಹೋದ ಆ ಕೂಗು

"ಬಿಡು!"

ಆ ಒಂದೇ ಮಾತು ಕಿವಿಗೆ ಬಿದ್ದದ್ದೇ ತಡ, ಹತ್ತು ಮೀಟರ್ ಎತ್ತರದ ಡೈವಿಂಗ್ ಕಟ್ಟೆಯ ಅಂಚಿನಲ್ಲಿ ಬ್ರಿಟಾಳ ಕಾಲು ಅಂಟಿಕೊಂಡುಬಿಟ್ಟಿತು.

ಸ್ಪರ್ಧೆಗೆ ಮುಂಚಿನ ಬೆಳಗಿನ ಅಭ್ಯಾಸ. ಕೂಗಿದ್ದು ಅವಳಿಗಲ್ಲ. ಪಕ್ಕದ ಹಲಗೆಯಿಂದ ಹಾರಿದ್ದ ಯಾರೋ ಹುಡುಗಿಗೆ. ಆದರೆ ಆ ದನಿ... ಆ ದನಿಯನ್ನು ಅವಳು ತುಂಬಿದ ಜಾತ್ರೆಯಲ್ಲೂ ಹೆಕ್ಕಿ ತೆಗೆಯಬಲ್ಲಳು.

ಎಮೆಟ್!

ಬಗ್ಗಿ ನೋಡಿದಳು. ಕೊಳದ ಅಂಚಿನಲ್ಲಿ ನೀಲಿ ಅಂಗಿ ತೊಟ್ಟು ನಿಂತಿದ್ದ. ಕ್ಯಾಲ್ಡರ್ ಕಾಲೇಜಿನ ಅಂಗಿ. ಒಂದು ಕಾಲಕ್ಕೆ ಇವಳ ಹಾಗೆಯೇ ಹಾರ್ಲನ್ ಕಾಲೇಜಿನ ಕೆಂಪು ಅಂಗಿ ತೊಟ್ಟು ತಾನೂ ಡೈವ್ ಮಾಡುತ್ತಿದ್ದವನು, ಈಗ ಎದುರಾಳಿ ತಂಡದ ಹುಡುಗಿಯರಿಗೆ ಕಲಿಸುವ ಸಹಾಯಕನಾಗಿ ಇಂಡಿಯಾನಾಪೊಲಿಸ್‌ನ ಈ ರಾಷ್ಟ್ರೀಯ ಈಜು-ಡೈವಿಂಗ್ ಚಾಂಪಿಯನ್‌ಶಿಪ್‌ಗೇ ಬಂದು ನಿಂತಿದ್ದಾನೆ.

ಅವನೂ ತಲೆಯೆತ್ತಿದ. ಕಣ್ಣು ಕೂಡಿತು. ಮೊದಲು ಕಣ್ಣು ತೆಗೆದವನು ಅವನೇ.

ಬ್ರಿಟಾ ಹಾರಲಿಲ್ಲ. ಮೈ ಒರೆಸಿಕೊಳ್ಳುವ ಪುಟ್ಟ ಹಸಿರು ಬಟ್ಟೆಯನ್ನು ಹಿಂಡುತ್ತಾ ಮೆಟ್ಟಿಲಿಳಿದು ಬಂದಳು. ಡೈವ್ ಮಾಡುವವಳು ಮೆಟ್ಟಿಲಿಳಿದು ಬರುವುದೆಂದರೆ ಮದುಮಗಳು ಮಂಟಪದಿಂದ ಎದ್ದು ಬಂದ ಹಾಗೆ. ಎಲ್ಲರೂ ನೋಡುತ್ತಾರೆ, ಯಾರೂ ಏನೂ ಕೇಳುವುದಿಲ್ಲ.

‘ಯಾಕೆ ಬಂದ? ಇವತ್ತೇ ಯಾಕೆ ಬಂದ?’

ಒಂದು ಕಾಲಕ್ಕೆ ಆ ಕೂಗು ಅವಳ ಸ್ವಂತದ್ದಾಗಿತ್ತು. ಮಂಡಿ ತಬ್ಬಿಕೊಂಡು ಗಾಳಿಯಲ್ಲಿ ಗಿರಗಿರ ಸುತ್ತುವವರಿಗೆ ಚಾವಣಿ ಯಾವುದು, ನೀರು ಯಾವುದು ಎಂದು ಗೊತ್ತಾಗುವುದಿಲ್ಲ. ಹೊಸ ಡೈವ್ ಕಲಿಯುವಾಗ ಕೆಳಗೆ ನಿಂತವರು ಸರಿಯಾದ ಕ್ಷಣಕ್ಕೆ ‘ಬಿಡು’ ಎಂದು ಕೂಗಬೇಕು. ಆಗ ಮಂಡಿ ಬಿಟ್ಟು, ಮೈ ನೀಳ ಮಾಡಿ, ಕೈ ಮುಂದಿಟ್ಟು ನೀರಿಗಿಳಿಯಬೇಕು. ಕೂಗುವವರ ನಾಲಿಗೆಯ ತುದಿಯಲ್ಲಿ ಹಾರಿದವಳ ಪ್ರಾಣ ಇರುತ್ತದೆ.

ಬ್ರಿಟಾ ತನ್ನ ಪ್ರಾಣವನ್ನು ಎಮೆಟ್‌ನ ನಾಲಿಗೆಗೆ ಒಪ್ಪಿಸಿದ್ದಳು. ಪ್ರಾಣದ ಹಿಂದೆಯೇ ಮನಸ್ಸೂ ಹೋಯಿತು. ಅದೇನು ಕೇಳಿ ಹೋಗುತ್ತದೆಯೇ?

ಹೋದ ವರ್ಷದ ಚಳಿಗಾಲದಲ್ಲಿ, ನೀರಿಗೆ ಬೆನ್ನು ಮಾಡಿ ನಿಂತು ಹಿಂದಕ್ಕೆ ಮೂರೂವರೆ ಸುತ್ತು ಸುತ್ತುವ ಡೈವ್ ಕಲಿಯುತ್ತಿದ್ದಳು. ಆ ದಿನವೂ ಹಾರಿದಳು, ಸುತ್ತಿದಳು, ಕೂಗಿಗಾಗಿ ಕಾದಳು. ಅಷ್ಟೇ ನೆನಪು. ಹತ್ತು ಮೀಟರ್ ಮೇಲಿಂದ ಅಂಗಾತ ಬಿದ್ದರೆ ನೀರು ನೀರಾಗಿರುವುದಿಲ್ಲ, ಸಿಮೆಂಟಾಗಿರುತ್ತದೆ. ಕಿವಿಯ ತಮಟೆ ಹರಿಯಿತು. ಕೆಮ್ಮಿದರೆ ರಕ್ತ. ಇಡೀ ಋತು ಕೈಬಿಟ್ಟುಹೋಯಿತು.

ಎಮೆಟ್ ಆಸ್ಪತ್ರೆಗೆ ಬಂದು ಬಾಗಿಲಲ್ಲೇ ನಿಂತು, ಕೂಗೋದು ತಡವಾಯಿತು, ತಪ್ಪು ತನ್ನದೇ ಎಂದಿದ್ದ. ಇನ್ನು ಈ ಮುಖ ತೋರಿಸಬೇಡ ಎಂದಿದ್ದಳು ಬ್ರಿಟಾ. ಪುಣ್ಯಾತ್ಮ ಅದನ್ನು ಅಕ್ಷರಶಃ ಪಾಲಿಸಿದ. ಕಾಲೇಜನ್ನೇ ಬದಲಿಸಿಬಿಟ್ಟ. ಸಿಟ್ಟಿನಲ್ಲಿ ಆಡಿದ ಮಾತನ್ನು ಪಾಲಿಸುವ ಗಂಡಸರಷ್ಟು ಸಿಟ್ಟು ತರಿಸುವವರು ಲೋಕದಲ್ಲಿ ಇನ್ಯಾರೂ ಇಲ್ಲ.

ಬೆಳಗಿನ ಸುತ್ತಿನಲ್ಲಿ ಬ್ರಿಟಾ ಎಂಟನೆಯವಳಾಗಿ, ಕೂದಲೆಳೆಯಲ್ಲಿ ಫೈನಲ್ ಸೇರಿದಳು. ಆ ಹಿಮ್ಮುಖ ಮೂರೂವರೆ ಅವಳ ಡೈವ್‌ಗಳಲ್ಲಿ ಇರಲಿಲ್ಲ. ಅದರ ಜಾಗಕ್ಕೆ ಕೋಚ್ ರೂತ್ ಒಂದು ಸುಲಭದ್ದನ್ನು ಹಾಕಿಸಿದ್ದರು. ಗುಣವಾಗಿ ಬಂದಾಗಿನಿಂದಲೂ ಅಷ್ಟೇ, ಅದನ್ನು ಮಾಡುತ್ತೇನೆ ಎಂದಾಗಲೆಲ್ಲ ರೂತ್ ಬೇಡಮ್ಮಾ, ಬೇಡ ಎನ್ನುತ್ತಿದ್ದರು. ತಾಯಿಕರುಳು ಅಂದುಕೊಂಡಿದ್ದಳು ಬ್ರಿಟಾ.

ಸುಲಭದ ಡೈವ್‌ನಿಂದ ಎಂಟರಿಂದ ಮೇಲೇರುವ ಹಾಗಿರಲಿಲ್ಲ. ಈಜು, ಡೈವ್ ಎರಡರ ಅಂಕವೂ ಸೇರುವ ತಂಡಗಳ ಪಟ್ಟಿಯಲ್ಲಿ ಹಾರ್ಲನ್ ಐದನೆಯ ಸ್ಥಾನದಲ್ಲಿತ್ತು, ಟ್ರೋಫಿ ನಾಲ್ಕೇ ತಂಡಗಳಿಗೆ. ಚಳಿಗಾಲವಿಡೀ ಕಾಲಿನ ಕೂದಲು ಬೆಳೆಸಿ, ನೀರಲ್ಲಿ ವೇಗ ಸಿಗಲೆಂದು ಕೊಳಕ್ಕೆ ಬರುವ ಮುನ್ನ ಹೋಟೆಲಿನ ಬಚ್ಚಲಲ್ಲಿ ಒಟ್ಟಿಗೆ ಕೂತು ಬೋಳಿಸಿಕೊಂಡ ತಂಡದ ಈಜುಗಾರ್ತಿಯರು ಈಗ ಬ್ರಿಟಾಳ ಮುಖವನ್ನೇ ನೋಡುತ್ತಿದ್ದರು. ಅವಳಿಗೂ ಇದು ಕೊನೆಯ ವರ್ಷ. ಇವತ್ತು ಹಾರದ ಡೈವ್ ಇನ್ನು ಯಾವತ್ತಿಗೂ ಹಾರದ ಡೈವ್.

ಡೈವರ್‌ಗಳೆಲ್ಲ ಮೈ ಬೆಚ್ಚಗಿಟ್ಟುಕೊಳ್ಳಲು ಕೂರುವ ಬಿಸಿನೀರ ತೊಟ್ಟಿಗೆ ಬಂದು ಕುತ್ತಿಗೆವರೆಗೆ ಮುಳುಗಿದಳು. ಎದುರಿಗೆ ಕ್ಯಾಲ್ಡರ್‌ನ ಮೊದಲ ವರ್ಷದ ಹುಡುಗಿ ಪೈಪರ್ ಕೂತಿದ್ದಳು. ಬೆಳಿಗ್ಗೆ ಎಮೆಟ್ ಕೂಗಿದ್ದು ಇವಳಿಗೇ. ಅರಳು ಹುರಿದ ಹಾಗೆ ಮಾತಾಡುವ ಹುಡುಗಿ. ತಾನು ಬೆಳಗಿನ ಸುತ್ತಿನಲ್ಲಿ ಇಪ್ಪತ್ತನೆಯವಳಾದದ್ದು, ತಿಂಡಿಗೆ ತಿಂದ ಬೇಗಲ್ ಬ್ರೆಡ್ಡು ಚಪ್ಪಲಿಯ ಹಾಗಿದ್ದದ್ದು, ಎಲ್ಲವನ್ನೂ ಹೇಳಿ ಕೊನೆಗೆ ಎಮೆಟ್‌ನ ಸುದ್ದಿಗೆ ಬಂದಳು.

‘ಚಿಕ್ಕವಳು, ಚೆಂದದವಳು... ಅವನಿಗೇನು, ಸಿಕ್ಕಿದಳು!’ ಎಂದುಕೊಂಡಳು ಬ್ರಿಟಾ.

"ಒಳ್ಳೆಯವನೇ, ಆದ್ರೆ ಸ್ವಲ್ಪ ತಿಕ್ಕಲು," ಎಂದಳು ಪೈಪರ್. "ಪ್ರತಿ ಸಲ ನಾನು ಮೆಟ್ಟಿಲು ಹತ್ತೋಕೆ ಮುಂಚೆ ಬಂದು, ‘ಈ ಸಲ ಕೂಗ್ತೀನಿ’ ಅಥವಾ ‘ಈ ಸಲ ಕೂಗಲ್ಲ’ ಅಂತ ಹೇಳಲೇಬೇಕು ಅವನಿಗೆ. ನಾನು ಹೂಂ ಅನ್ನೋವರೆಗೂ ಬಿಡಲ್ಲ. ಯಾಕಪ್ಪಾ ಹಿಂಗೆ ಅಂತ ಕೇಳ್ದೆ. ಹಿಂದೆ ಒಬ್ಬಳಿಗೆ ಹೇಳದೇ ಸುಮ್ಮನಿದ್ದನಂತೆ."

ಬ್ರಿಟಾ ನೀರಿನಿಂದ ಮೆಲ್ಲಗೆ ಮೇಲೆದ್ದಳು.

"ತಡವಾಗಿ ಕೂಗಿದ್ನಾ?"

"ಇಲ್ಲ... ಕೂಗಲೇ ಇಲ್ವಂತೆ."

ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಹಾಗನ್ನುವವರು ಯಾರೂ ಹತ್ತು ಮೀಟರ್ ಮೇಲಿಂದ ನೀರಿಗೆ ಬೆನ್ನು ಮಾಡಿ ಹಾರಿದವರಲ್ಲ.

ಎಮೆಟ್ ಹಿಂಬದಿಯ ಮೆಟ್ಟಿಲ ಹತ್ತಿರ ಒಬ್ಬನೇ ಸಿಕ್ಕಿದ. ಅವಳ ಮುಖ ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು. ಸುಳ್ಳು ಹೇಳಲಿಲ್ಲ. ಇಷ್ಟು ದಿನ ಹೇಳಿದ್ದ ಸುಳ್ಳೇ ಅವನಿಗೆ ಭಾರವಾಗಿತ್ತು.

ಸ್ಪರ್ಧೆಯಲ್ಲಿ ಹಾರುವಾಗ ಯಾರೂ ಕೂಗುವುದಿಲ್ಲ. ಆದ್ದರಿಂದ ಅದಕ್ಕೆ ಮುಂಚೆ ಎಂದಾದರೂ ಒಂದು ದಿನ ಕೂಗು ನಿಲ್ಲಿಸಲೇಬೇಕು, ಮಗುವಿಗೆ ಮೊಲೆ ಬಿಡಿಸಿದ ಹಾಗೆ. ಆ ದಿನ ರೂತ್ ಅವನನ್ನು ಕರೆದು, ಇವತ್ತು ಕೂಗಬೇಡ, ಅವಳಿಗೆ ಹೇಳಲೂಬೇಡ, ಹೇಳಿದರೆ ಹೆದರಿ ಮೈ ಬಿಗಿ ಮಾಡಿಕೊಳ್ಳುತ್ತಾಳೆ, ಗೊತ್ತಿಲ್ಲದಿದ್ದರೆ ತಾನೇ ನೀರು ನೋಡಿಕೊಂಡು ಮಂಡಿ ಬಿಡುತ್ತಾಳೆ ಎಂದಿದ್ದರು. ಅವನು ಒಪ್ಪಿದ. ಅವಳು ಕಾದಳು. ಅಷ್ಟೇ ಕಥೆ.

"ಮತ್ತೆ ತಡ ಆಯ್ತು ಅಂತ ಯಾಕೆ ಹೇಳ್ದೆ?"

"ಕೋಚ್ ಮೇಲೆ ನಂಬಿಕೆ ಹೋದ್ರೆ ನೀನು ಇನ್ಯಾವತ್ತೂ ಮೇಲೆ ಹತ್ತಲ್ಲ ಅಂದ್ಕೊಂಡೆ. ನನ್ನ ಮೇಲೆ ಹೋದ್ರೆ ಪರವಾಗಿಲ್ಲ ಅಂತ..."

"ಪರವಾಗಿಲ್ಲ." ಬ್ರಿಟಾ ಆ ಮಾತನ್ನೇ ಹಿಡಿದುಕೊಂಡಳು. "ನಿನ್ನ ಮೇಲಿದ್ದ ನಂಬಿಕೆ ಅಷ್ಟು ಅಗ್ಗದ್ದು ಅಂತ ನಿಂಗ್ಯಾರು ಹೇಳಿದ್ದು?"

ಅವನು ಒಂದು ಹೆಜ್ಜೆ ಮುಂದೆ ಬಂದ. ಅವಳು ಕೈಯೆತ್ತಿ ತಡೆದಳು.

"ತಡ ಆಗಿದ್ರೆ ತಪ್ಪು ಅಂತಿದ್ದೆ ಎಮೆಟ್. ತಪ್ಪನ್ನ ಮನ್ನಿಸಬಹುದು. ಬೈದ ಮೇಲೂ ಎಷ್ಟೋ ದಿನ ನಿನ್ನ ಫೋನ್ ಬರುತ್ತೆ ಅಂತ ಕಾದೆ, ಮನ್ನಿಸೋಣ ಅಂತಾನೇ. ಆದ್ರೆ ಇದು ತಪ್ಪಲ್ಲ. ನೀವಿಬ್ರೂ ಸೇರಿ ಮಾಡಿದ ತೀರ್ಮಾನ. ನಾನು ಮೇಲೆ ಸುತ್ತುತ್ತಾ ನಿನ್ನ ದನಿಗೆ ಕಾಯ್ತಾ ಇದ್ದೆ... ನೀನು ಕೆಳಗೆ ನಿಂತು ನೋಡ್ತಾ ಇದ್ದೆ."

"ಕೊನೇ ಗಳಿಗೇಲಿ ಕೂಗಿದೆ," ಎಂದ ಎಮೆಟ್. "ಅಷ್ಟೊತ್ತಿಗೆ ನೀನು ನೀರಲ್ಲಿದ್ದೆ."

ಅವಳಿಗೆ ಅಳು ಬರಬೇಕಿತ್ತು. ಬರಲಿಲ್ಲ. ಅಳುವಿನ ಜಾಗದಲ್ಲಿ ಕಹಿಯೊಂದು ಕೂತಿತ್ತು, ಬೇವಿನ ಕಡ್ಡಿ ಅಗಿದ ಹಾಗೆ. ಹೋಗುವವಳಂತೆ ತಿರುಗಿದಳು. ಮತ್ತೆ ನಿಂತಳು.

"ಸಂಜೆ ಆ ಡೈವ್ ಹಾಕ್ತೀನಿ. ಅವತ್ತು ನಿಂತಿದ್ದೆಯಲ್ಲ, ಬಲಗಡೆ, ನನ್ನ ಕಣ್ಣಿಗೆ ಕಾಣೋ ಹಂಗೆ, ಅಲ್ಲೇ ಬಂದು ನಿಲ್ಲು. ಬಾಯಿ ಮುಚ್ಕೊಂಡು ನಿಲ್ಲು. ಈ ಸಲ ನೀನು ಸುಮ್ಮನಿರೋದು ನಂಗೆ ಗೊತ್ತಿರಲಿ."

ಮಧ್ಯಾಹ್ನದೊಳಗೆ ಡೈವ್ ಬದಲಿಸಬೇಕಿತ್ತು. ಬ್ರಿಟಾ ಹೋಗಿ ಹೇಳಿದಾಗ ರೂತ್ ಯಥಾಪ್ರಕಾರ ಬೇಡಮ್ಮಾ ಎನ್ನಹೊರಟವರು, ಅವಳ ಕಣ್ಣು ನೋಡಿ ಅರ್ಧಕ್ಕೇ ನಿಲ್ಲಿಸಿದರು. ತಾಯಿಕರುಳು ಅಂದುಕೊಂಡದ್ದು ಬರೀ ತಪ್ಪಿನ ಅಳುಕು ಎಂದು ಆ ಮೌನದಲ್ಲಿ ಬ್ರಿಟಾಳಿಗೆ ಖಾತ್ರಿಯಾಯಿತು.

ರೂತ್ ಕೆಟ್ಟವರಲ್ಲ, ಅದೇ ಸಂಕಟ. ತಮ್ಮ ಕೋಚ್ ತಮಗೆ ಹೀಗೆಯೇ ಮಾಡಿದ್ದರು, ತಾವು ಹೀಗೆಯೇ ಕಲಿತೆವು ಎಂದರು. ಅತ್ತೆ ಮಾಡಿದ್ದನ್ನು ಸೊಸೆಗೆ ಮಾಡುವವರೆಲ್ಲ ಹೇಳುವ ಮಾತು ಅದು.

"ಹೇಳಿದ್ರೆ ನೀನು ಹಾರ್ತಾನೇ ಇರ್ಲಿಲ್ಲ," ಎಂದರು.

"ಹೇಳಿ ನೋಡಬೇಕಿತ್ತು ಕೋಚ್."

ಸಂಜೆ ಗ್ಯಾಲರಿ ತುಂಬಿತ್ತು. ಗಂಟೆ ಅಲ್ಲಾಡಿಸುವ ಅಪ್ಪಂದಿರು, ಕೆನ್ನೆಗೆ ಬಣ್ಣ ಬಳಿದ ತಂಗಿಯರು, ಎಲ್ಲರ ಗದ್ದಲ. ಬ್ರಿಟಾಳ ಸರದಿ ಬಂದಾಗ ಮಾತ್ರ, ಆ ಡೈವ್‌ನ ಹೆಸರು ಮೈಕಿನಲ್ಲಿ ಕೇಳಿದ ಹಾರ್ಲನ್‌ನ ಹುಡುಗಿಯರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು.

ಮೇಲೆ ಹತ್ತಿದಳು. ಹಸಿರು ಬಟ್ಟೆಯಲ್ಲಿ ಕಾಲು ಒರೆಸಿ ಅದನ್ನು ಕೆಳಗೆಸೆದಳು. ನೀರಿಗೆ ಬೆನ್ನು ಮಾಡುವ ಮುನ್ನ ಒಮ್ಮೆ ನೋಡಿದಳು.

ಬಲಗಡೆ ನಿಂತಿದ್ದ. ನೀಲಿ ಅಂಗಿಯ ತೋಳುಗಳನ್ನು ಕಟ್ಟಿಕೊಂಡು, ತುಟಿ ಬಿಗಿದುಕೊಂಡು. ಅವಳು ತಲೆಯಾಡಿಸಿದಳು. ಅವನೂ ತಲೆಯಾಡಿಸಿದ.

‘ಕೂಗಲ್ಲ. ಗೊತ್ತು. ಯಾರೂ ಕೂಗಲ್ಲ.’

ಹಿಮ್ಮಡಿ ಗಾಳಿಯಲ್ಲಿ, ಬೆರಳ ತುದಿ ಮಾತ್ರ ಕಟ್ಟೆಯ ಮೇಲೆ. ಭಯವಿತ್ತು. ಭಯವಿಲ್ಲ ಎಂದರೆ ನಾನು ಸುಳ್ಳು ಹೇಳಿದ ಹಾಗೆ.

ಹಾರಿದಳು.

ದೀಪ. ನೀರು. ದೀಪ. ನೀರು... ಕಿವಿ ಹಳೆಯ ಅಭ್ಯಾಸಕ್ಕೆ ಒಂದು ಗಳಿಗೆ ಕಾಯಿತು. ಆದರೆ ಕಣ್ಣು ಕಾಯಲಿಲ್ಲ. ನೀರಿನ ನೀಲಿ ಮಿಂಚಿತು, ಅವಳೇ ಬಿಟ್ಟಳು, ಕೈ ಮುಂದೆ ಬಂತು.

ನೀರು ಈ ಸಲ ನೀರಾಗಿಯೇ ಇತ್ತು.

ಒಂದಿಷ್ಟು ಚಿಮ್ಮಿತು, ಕಾಲು ಸ್ವಲ್ಪ ವಾಲಿತ್ತು. ತೀರ್ಪುಗಾರರು ಕೊಟ್ಟದ್ದು ಅದ್ಭುತ ಅಂಕವೇನಲ್ಲ. ಬ್ರಿಟಾ ಎಂಟರಿಂದ ಆರಕ್ಕೆ ಏರಿದಳು, ಆ ರಾತ್ರಿ ಎಲ್ಲ ಮುಗಿದ ಮೇಲೂ ಹಾರ್ಲನ್ ನಾಲ್ಕಕ್ಕೆ ಏರಲಿಲ್ಲ. ಕಥೆಯಲ್ಲಾದರೂ ಟ್ರೋಫಿ ಕೊಡಿಸಬಾರದೇ ಎಂದು ನೀವು ಕೇಳಬಹುದು. ಕೊಡಿಸಬಹುದಿತ್ತು... ಆದರೆ ನಾಲ್ಕನೆಯ ತಂಡದ ಹುಡುಗಿಯರೂ ಚಳಿಗಾಲವಿಡೀ ಈಜಿದವರೇ.

ರೂತ್ ತೋಳು ಚಾಚಿ ಬಂದರು. ಬ್ರಿಟಾ ತಬ್ಬಿಕೊಳ್ಳಲಿಲ್ಲ, ತಳ್ಳಲೂ ಇಲ್ಲ. ನಾಲ್ಕು ವರ್ಷ ಕಲಿಸಿದ ಕೈಗಳವು. ಒಂದು ಕ್ಷಣ ಆ ಕೈಗಳನ್ನು ಹಿಡಿದು, ಬಿಟ್ಟು, ಹಿಂಬದಿಯ ಮೆಟ್ಟಿಲಿಗೆ ಬಂದು ಕೂತಳು. ಒಳಗೆ ಕೊನೆಯ ಈಜು ರಿಲೇ ಶುರುವಾಗಿ ಕಟ್ಟಡವೇ ಅದುರುತ್ತಿತ್ತು. ಆಗ ಬಂತು ಅಳು, ಬೆಳಗಿನಿಂದ ಬಾಕಿಯಿದ್ದದ್ದು.

ಎಮೆಟ್ ಬಂದು ಎರಡು ಮೆಟ್ಟಿಲು ಕೆಳಗೆ ಕೂತ. ಅವಳೆಸೆದ ಹಸಿರು ಬಟ್ಟೆಯನ್ನು ಹಿಂಡಿ, ಮಡಿಸಿ ಪಕ್ಕದಲ್ಲಿಟ್ಟ.

"ನಾನೇ ನೋಡ್ಕೊಂಡು ಬಿಟ್ಟೆ," ಎಂದಳು ಬ್ರಿಟಾ. "ಇದರಲ್ಲಿ ನಿನ್ನದೇನೂ ಇಲ್ಲ."

"ಇಲ್ಲ."

"ಮೊದಲೇ ಹೇಳಿದ್ರೆ ಅವತ್ತೂ ಹಿಂಗೇ ಹಾರ್ತಿದ್ದೆ."

"ಗೊತ್ತು. ಇವತ್ತು ಗೊತ್ತಾಯ್ತು." ತಡೆದು ತಡೆದು ಹೇಳಿದ. "ಒಂದು ಹೇಳ್ತೀನಿ ಬ್ರಿಟಾ, ಉತ್ತರ ಬೇಡ. ಅವತ್ತೂ ನೀನಂದ್ರೆ ನಂಗೆ ಪ್ರಾಣ. ಇವತ್ತೂ."

"ಪ್ರಾಣ ಅಂತೆ." ಮೂಗೊರೆಸಿಕೊಂಡಳು. "ನನಗೂ ಹಂಗೇ ಇತ್ತು, ಅದಕ್ಕೇ ಇಷ್ಟು ನೋವಾಗಿದ್ದು. ಅದು ಹೋಗಿದ್ರೆ ಇವತ್ತು ನಿಂಗೆ ಅಲ್ಲಿ ನಿಲ್ಲು ಅಂತಿದ್ದೆನಾ? ಆದ್ರೆ ಮನ್ನಿಸಿಲ್ಲ. ಯಾವಾಗ ಮನ್ನಿಸ್ತೀನೋ ಗೊತ್ತಿಲ್ಲ."

"ಕಾಯ್ತೀನಿ."

"ಎಮೆಟ್, ಇನ್ಮೇಲೆ ನನ್ನ ವಿಷಯದಲ್ಲಿ ಏನೇ ಮಾಡೋದಿದ್ರೂ ನಂಗೆ ಹೇಳಿ ಮಾಡು. ಸುಮ್ಮನಿರೋದಾದ್ರೂ, ಸುಮ್ಮನಿರ್ತೀನಿ ಅಂತ ಹೇಳಿ ಸುಮ್ಮನಿರು."

ಅವನು ಅವಳ ಕಡೆ ತಿರುಗಿದ.

"ಹಂಗಾದ್ರೆ ಹೇಳ್ತಿದೀನಿ," ಎಂದ ಮೆಲ್ಲಗೆ. "ಈಗ ಸ್ವಲ್ಪ ಹೊತ್ತು ಸುಮ್ಮನಿರ್ತೀನಿ."

"ಹೂಂ," ಎಂದಳು ಬ್ರಿಟಾ, ಒಂದು ಮೆಟ್ಟಿಲು ಕೆಳಗಿಳಿದು ಕೂತು.