ಮೂರನೇ ರಾಟೆ

ಟೀಚರ್ ಫೋನಿನಲ್ಲಿ ಹೇಳಿದ್ದು ಇಷ್ಟೇ. "ಮೂರು ಗಂಟೆಗೆ ನದಿ ಹತ್ತಿರ ಬನ್ನಿ. ಒಬ್ಬರೇ ಬನ್ನಿ."

ಎರಡು ವರ್ಷದಿಂದ ಭಾನುವಾರ ತಪ್ಪದೆ ಅವಳ ಮನೆಗೆ ಹೋಗಿ, ನಲ್ಲಿ, ಫ್ಯಾನು, ಚಿಲಕ ಅಂತ ಏನಾದರೊಂದು ರಿಪೇರಿ ಮಾಡಿ ಬರುತ್ತಿದ್ದ ನನಗೆ ಆ 'ಒಬ್ಬರೇ' ತಲೆಗೇರಿತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೆ. ಗ್ರೀಸು ಮೆತ್ತಿದ ಉಗುರುಗಳನ್ನು ಹಳೆಯ ಬ್ರಷ್ಷಿನಿಂದ ತಿಕ್ಕಿದೆ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಗಾಡಿ ಎಳೆಯೋಕೆ ಹೊರಟಿದ್ದೀಯೋ, ಫೋಟೋ ತೆಗೆಸ್ಕೊಳ್ಳೋಕೋ?"

"ಸುಮ್ನಿರು ಅಕ್ಕ."

"ನಾನು ಸುಮ್ನೇ ಇದ್ದೀನಪ್ಪ. ನಿನ್ನ ಕಿವಿ ಯಾಕೆ ಕೆಂಪಗಾಗಿದೆ ಅಂತ ನೋಡ್ತಿದ್ದೆ."

ನನ್ನ ಟ್ರಕ್ಕಿನ ಗೇರ್‌ಬಾಕ್ಸು ಗ್ಯಾರೇಜಿನಲ್ಲಿ ಬಿಚ್ಚಿ ಬಿದ್ದಿತ್ತು. ಬೈಕಿನಲ್ಲೇ ಹೊರಟೆ. ಮೊದಲು ಏನು ಮಾತಾಡಲಿ, ಅವಳು ನಕ್ಕರೆ ಏನು ಹೇಳಲಿ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಂಡಿಗೆ ತಿಂದೆ. ನದಿಯ ಯಾವ ಜಾಗ ಎಂದು ಅವಳು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನಮ್ಮಿಬ್ಬರಿಗೂ ನದಿ ಎಂದರೆ ಒಂದೇ ಜಾಗ ಎನ್ನುವುದು ದಂಡೆ ಇಳಿಯುವಾಗಲಷ್ಟೇ ಹೊಳೆಯಿತು.

ತಿರುವು ದಾಟಿದಾಗ ಜೀಪು ಕಂಡಿತು. ಕ್ಯಾಪ್ಟನ್ನನ ಜೀಪು. ಎರಡು ವರ್ಷದ ಹಿಂದೆ ಎಲ್ಲಿ ಹೂತಿತ್ತೋ ಇವತ್ತೂ ಮತ್ತೆ ಅಲ್ಲೇ, ಮೂತಿ ನದಿಯ ಕಡೆಗಿಟ್ಟು, ಹೊಟ್ಟೆಯವರೆಗೆ ಕೆಸರಿನಲ್ಲಿ ಕೂತಿತ್ತು.

ಕ್ಯಾಪ್ಟನ್ ಎಂದರೆ ಟೀಚರ ಗಂಡ, ನನ್ನ ಕೆಲಸದ ಜೊತೆಗಾರ. ಯಾವ ಹಡಗನ್ನೂ ನಡೆಸಿದವನಲ್ಲ, ಎಲ್ಲರ ಮೇಲೂ ಹುಕುಂ ಚಲಾಯಿಸುವ ಚಾಳಿಗೆ ಬಿದ್ದ ಹೆಸರು ಅದು. ಹಳ್ಳದಲ್ಲಿ, ಮರಳಲ್ಲಿ ಸಿಕ್ಕಿಬಿದ್ದ ಗಾಡಿಗಳನ್ನು ನಾವಿಬ್ಬರೂ ಎಳೆದು ತೆಗೆಯುತ್ತಿದ್ದೆವು. ಆ ದಿನ ಅವನು ಒಬ್ಬನೇ ಇಲ್ಲಿಗೆ ಬಂದಾಗ ಅವನ ಜೀಪೇ ಕೆಸರಿನಲ್ಲಿ ಹೂತಿತು. ಅದನ್ನು ತೆಗೆಯಲು ಹೆಣಗುತ್ತಿದ್ದಾಗ ಮೇಲಿನ ಅಣೆಕಟ್ಟಿನಿಂದ ದಿನಾ ಐದು ಗಂಟೆಗೆ ಬಿಡುವ ನೀರು ಬಂತು. ಮೊಣಕಾಲುದ್ದದ ಕೆಸರಿನಲ್ಲಿ ನಿಂತವನಿಗೆ ಓಡಲು ಆಗಲಿಲ್ಲ.

ಟೀಚರ್ ಸ್ಟೀರಿಂಗಿನ ಹಿಂದೆ ಕೂತಿದ್ದಳು, ಬೆನ್ನಿಗೆ ದಿಂಬು ಕೊಟ್ಟುಕೊಂಡು. ಕ್ಯಾಪ್ಟನ್ ತನ್ನ ಉದ್ದನೆಯ ಕಾಲಿಗೆ ತಕ್ಕಂತೆ ಹಿಂದೆ ಸರಿಸಿದ್ದ ಸೀಟನ್ನು ಅವಳು ಇವತ್ತಿಗೂ ಮುಂದಕ್ಕೆ ತಂದಿರಲಿಲ್ಲ. ಕೂದಲು ಸುತ್ತಿ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು. ಡ್ರಾಯಿಂಗ್ ಟೀಚರಿಗೆ ಕ್ಲಿಪ್ಪು ಹುಡುಕುವ ತಾಳ್ಮೆ ಇಲ್ಲ. ಕೆನ್ನೆಗೆ ಕೆಸರು ಹಾರಿತ್ತು. ನನ್ನ ಅಂಗಿಯನ್ನು ನೋಡಿದಳು, ಕಾಲರನ್ನು, ಕೊನೆಗೆ ತಿಕ್ಕಿ ತೊಳೆದ ಉಗುರುಗಳನ್ನು.

"ಅಂಗಿ ಚೆನ್ನಾಗಿದೆ. ಪಾಪ, ಹಾಳಾಗುತ್ತೆ."

"ಇಲ್ಲಿಗೆ ಯಾಕೆ ಬಂದ್ರಿ? ಹೇಗೆ ಸಿಕ್ಕಿಹಾಕಿಕೊಳ್ತು?"

"ಸಿಕ್ಕಿಹಾಕಿಕೊಳ್ಳಲಿಲ್ಲ. ನಾನೇ ತಂದು ಸಿಕ್ಕಿಸಿದೆ."

ಆಗ ನನ್ನ ಕಣ್ಣು ಹಗ್ಗದ ಮೇಲೆ ಬಿತ್ತು. ಜೀಪಿನ ವಿಂಚು ಇರುವುದು ಮೂತಿಯಲ್ಲಿ. ಮೋಟಾರಿಗೆ ಹಗ್ಗ ಸುತ್ತಿಕೊಂಡು ಗಾಡಿಯನ್ನು ಮುಂದಕ್ಕೆ ಎಳೆಯುವುದಷ್ಟೇ ಅದಕ್ಕೆ ಗೊತ್ತು. ಇಲ್ಲಿ ಮುಂದೆ ಇದ್ದದ್ದು ನದಿ. ಹೊಟ್ಟೆ ಕೆಸರಿಗೆ ಅಂಟಿದ್ದರಿಂದ ಕೆಳಗಿನಿಂದ ಹಗ್ಗ ತೂರಿಸುವ ಹಾಗೂ ಇರಲಿಲ್ಲ. ಅದಕ್ಕೇ ಅವಳು ಮುಂದಿನ ಬಂಡೆಗೆ ಒಂದು ರಾಟೆ ಕಟ್ಟಿ, ಹಗ್ಗವನ್ನು ಅದರ ಮೂಲಕ ತಿರುಗಿಸಿ, ಜೀಪಿನ ಪಕ್ಕದಲ್ಲೇ ಹಿಂದಕ್ಕೆ ತಂದು, ದಂಡೆಯ ಮರಕ್ಕೆ ಕಟ್ಟಿದ ಇನ್ನೊಂದು ರಾಟೆಯಲ್ಲಿ ಹಾಯಿಸಿ, ತುದಿಯನ್ನು ಜೀಪಿನ ಹಿಂಬದಿಯ ಕೊಂಡಿಗೆ ಸಿಕ್ಕಿಸಿದ್ದಳು. ಕ್ಯಾಪ್ಟನ್ ಆ ದಿನ ಕಟ್ಟಿದ್ದೂ ಹಾಗೇ.

ಹಗ್ಗ ಹರಿದರೆ ಚಾಟಿಯಂತೆ ಬಡಿಯದಿರಲಿ ಎಂದು ಅದರ ಮೇಲೆ ಭಾರದ ಬಟ್ಟೆಯೊಂದನ್ನು ಹಾಕುತ್ತೇವೆ. ಅವಳು ಹಾಕಿದ್ದು ಕ್ಯಾಪ್ಟನ್ನನ ಕೋಟನ್ನು. ಗಾಳಿಗೆ ಅದರ ತೋಳುಗಳು ಅಲ್ಲಾಡುತ್ತಿದ್ದವು. ನಾನು ಬೇರೆ ಕಡೆ ನೋಡಿದೆ.

"ನೋಡ್ತಿರಿ," ಎಂದು ಅವಳು ರಿಮೋಟು ಕೈಗೆತ್ತಿಕೊಂಡಳು.

ವಿಂಚು ಶುರು ಮಾಡುವ ಮುನ್ನ ಕ್ಯಾಪ್ಟನ್ ಬಾನೆಟ್ಟಿನ ಮೇಲೆ ಎರಡು ಸಲ ತಟ್ಟುತ್ತಿದ್ದ. ಅವಳು ಗುಂಡಿ ಒತ್ತುವ ಮೊದಲು ಆ ಎರಡು ತಟ್ಟು ನನಗೆ ಚೆನ್ನಾಗಿಯೇ ಕೇಳಿಸಿತು. ಬಾನೆಟ್ಟಿನ ಹತ್ತಿರ ಯಾರೂ ಇರಲಿಲ್ಲ.

"ನಿಮಗೂ ಕೇಳಿಸ್ತು ಅಲ್ವಾ?"

"ಏನು?"

"ಸುಳ್ಳು ಹೇಳೋಕೆ ನಿಮಗೆ ಬರಲ್ಲ ಬಿಡಿ."

ಎರಡು ವರ್ಷದಿಂದ ನಾನು ಮಾಡುತ್ತಿದ್ದದ್ದು ಅದೊಂದನ್ನೇ.

ಮೋಟಾರು ಗುರುಗುಟ್ಟಿತು. ಹಗ್ಗ ಬಿಗಿದು ಸಣ್ಣಗೆ ಹಾಡತೊಡಗಿತು. ಬಂಡೆಗೆ ರಾಟೆ ಬಿಗಿದ ಪಟ್ಟಿ ಕಿರುಗುಟ್ಟಿತು, ಮರದ ತೊಗಟೆ ಉದುರಿತು. ಜೀಪು ಒಂದು ಇಂಚೂ ಕದಲಲಿಲ್ಲ. ಅವಳು ಗುಂಡಿ ಬಿಟ್ಟು ನನ್ನ ಕಡೆ ತಿರುಗಿದಳು. ಸಾಮಾನ್ಯವಾಗಿ ಅವಳ ನೋಟದಲ್ಲಿ ಒಂದು ಸಣ್ಣ ಕೀಟಲೆ ಇರುತ್ತದೆ. ಇವತ್ತು ಅದು ಇರಲಿಲ್ಲ, ಬೇಡಿಕೆ ಇತ್ತು.

"ಎರಡು ರಾಟೆ ಸಾಕು ಅಲ್ವಾ? ನಾನು ಕಟ್ಟಿರೋದ್ರಲ್ಲಿ ಏನೋ ತಪ್ಪಿದೆ, ಅಷ್ಟೇ ತಾನೇ?"

"ನೀವು ಸರಿಯಾಗೇ ಕಟ್ಟಿದ್ದೀರಿ."

"ಮತ್ತೆ?"

"ವಿಂಚು ಎಷ್ಟು ಬಲದಿಂದ ಮುಂದಕ್ಕೆ ಎಳೆಯುತ್ತೋ, ಹಿಂದಿನ ಕೊಂಡಿ ಅಷ್ಟೇ ಬಲದಿಂದ ಹಿಂದಕ್ಕೆ ಎಳೆಯುತ್ತೆ. ಗಾಡಿ ಮಧ್ಯೆ ನಿಂತುಬಿಡುತ್ತೆ. ಹಿಂದಿನ ಎಳೆತ ಎರಡರಷ್ಟಾಗಬೇಕು. ಅದಕ್ಕೆ ಗಾಡಿಯ ಹಿಂದೆಯೇ ಇನ್ನೊಂದು ರಾಟೆ ಬೇಕು."

"ಎರಡರಲ್ಲಿ ಆಗೋದೇ ಇಲ್ವಾ?"

"ಇಲ್ಲ."

ಅವಳು ಜೀಪಿನ ಹಿಂಬದಿಗೆ ಒರಗಿ ಕೆಸರಿನಲ್ಲೇ ಕುಸಿದು ಕೂತಳು.

"ಆ ದಿನ ಬೆಳಿಗ್ಗೆ ಜೀಪಿನ ಸಾಮಾನಿನ ಪೆಟ್ಟಿಗೇಲಿ ನೀರಿನ ಬಾಟಲಿ ಇಡೋಕೆ ಹೋದೆ. ಮೂರನೇ ರಾಟೆಯ ಜಾಗ ಖಾಲಿ ಇತ್ತು. ನೋಡಿದೆ. ಹೇಳಲಿಲ್ಲ."

"ಯಾಕೆ?"

"ಮಾತು ಬಿಟ್ಟಿದ್ದೆ. ಹಿಂದಿನ ದಿನ ಒದ್ದೆ ಟವೆಲ್ಲನ್ನ ಹಾಸಿಗೆ ಮೇಲೆ ಹಾಕಿದ್ರು ಅಂತ." ಅವಳು ಕೆನ್ನೆಯ ಕೆಸರನ್ನು ಒರೆಸಿಕೊಂಡಳು. "ಎರಡರಲ್ಲೂ ಬರುತ್ತೆ ಅಂತ ಇವತ್ತು ಗೊತ್ತಾದ್ರೆ, ನಾನು ಹೇಳಿದ್ರೂ ಅಷ್ಟೇ, ಬಿಟ್ಟಿದ್ರೂ ಅಷ್ಟೇ ಅಂದುಕೊಂಡು ಒಂದು ರಾತ್ರಿ ನಿದ್ದೆ ಮಾಡ್ತಿದ್ದೆ. ಈಗ ಗೊತ್ತಾಯ್ತಲ್ಲ, ಬಿಡಿ. ಕೊಂದಿದ್ದು ನಾನೇ."

ಗಡಿಯಾರ ನೋಡಿದೆ. ಮೂರೂವರೆ.

"ಒಂದು ರಾಟೆ ತರ್ತೀನಿ. ಅಲ್ಲಿವರೆಗೂ ದಂಡೆ ಮೇಲೆ ಕೂತಿರಿ. ಕೆಳಗೆ ಇಳಿಯಬೇಡಿ," ಎಂದು ಬೈಕು ಹತ್ತಿದೆ.

ಪೇಟೆಯ ಬಿಡಿಭಾಗದ ಅಂಗಡಿಯ ಮುಂದೆ ಹೊಸ ರಾಟೆಗಳು ನೇತಾಡುತ್ತಿದ್ದವು. ಅಲ್ಲಿ ಬೈಕು ನಿಲ್ಲಿಸಿದ್ದು ನಿಜ. ಹೊಸದೊಂದನ್ನು ಕೊಂಡು ಹೋದರೆ ಜೀಪು ಹೊರಗೆ ಬರುತ್ತದೆ, ಟೀಚರ್ ನನ್ನ ಭುಜಕ್ಕೆ ಒರಗಿ ಅತ್ತರೂ ಅತ್ತಾಳು, ಭಾನುವಾರಗಳು ಹಾಗೇ ನಡೆಯುತ್ತವೆ. ಆದರೆ ಅವಳು ಬದುಕಿರುವಷ್ಟು ದಿನವೂ ತಾನೇ ಕೊಂದೆ ಎಂದುಕೊಂಡು ಬದುಕುತ್ತಾಳೆ. ಅವಳ ಪಕ್ಕದಲ್ಲಿ ಕೂತು ನಾನು ಅದನ್ನು ನೋಡುತ್ತಿರಬೇಕು. ನಾನು ಹೇಡಿ ಎನ್ನುವುದು ನನಗೆ ಗೊತ್ತಿತ್ತು, ಅಷ್ಟೊಂದು ಹೇಡಿಯಾಗಲು ಮಾತ್ರ ಮನಸ್ಸು ಒಪ್ಪಲಿಲ್ಲ.

ಮನೆಗೆ ಹೋಗಿ ಮಂಚದ ಕೆಳಗಿನ ಗೋಣಿಚೀಲವನ್ನು ಎಳೆದೆ. ಅಕ್ಕ ಚೀಲವನ್ನೂ ನನ್ನ ಮುಖವನ್ನೂ ನೋಡಿ, ಕೇಳಬೇಕೆಂದಿದ್ದನ್ನು ನುಂಗಿಕೊಂಡಳು.

ನಾನು ಮರಳಿದಾಗ ನಾಲ್ಕು ಕಾಲು. ಚೀಲದಿಂದ ರಾಟೆ ತೆಗೆದು ಅವಳ ಕೈಗಿಟ್ಟೆ. ಮೂರೂ ರಾಟೆಗಳ ಮೇಲೆ ಕೆಂಪು ಬಣ್ಣದಲ್ಲಿ ಒಂದು, ಎರಡು, ಮೂರು ಎಂದು ಬರೆದವಳು ಅವಳೇ. ತನ್ನದೇ ಕೈಬರಹದ ಮೂರರ ಮೇಲೆ ಅವಳ ಬೆರಳು ನಿಂತಿತು.

"ಇದು ನಿಮ್ಮ ಹತ್ತಿರ ಹೇಗೆ?"

"ಗ್ರೀಸು ಹಾಕೋಕೆ ಅಂತ ಮನೆಗೆ ಒಯ್ದಿದ್ದೆ. ನಾಳೆ ತಂದಿಡೋಣ ಅಂದುಕೊಂಡೆ. ಅವನಿಗೆ ಹೇಳಲಿಲ್ಲ. ಮಾರನೇ ದಿನವೇ ಹಾಗಾಯ್ತು." ಖಾಲಿ ಚೀಲವನ್ನು ಮಡಚಿದೆ. "ನೀವು ನೋಡಿದ್ದು ಖಾಲಿ ಜಾಗ ಅಷ್ಟೇ. ಖಾಲಿ ಮಾಡಿದ್ದು ನಾನು."

ಅವಳು ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಹಗುರಾಗುತ್ತಿತ್ತು. ಅವಳು ರಾಟೆಯನ್ನು ಎದೆಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ಕಣ್ಣು ತುಂಬಿತ್ತು, ರೆಪ್ಪೆ ಮಾತ್ರ ಬಡಿಯಲಿಲ್ಲ.

"ಪ್ರತಿ ಭಾನುವಾರ ಬರ್ತಿದ್ದಿದ್ದು ಇದಕ್ಕೇನಾ? ಪ್ರಾಯಶ್ಚಿತ್ತಕ್ಕಾ?"

"ಮೊದಲ ಆರು ತಿಂಗಳು ಅದಕ್ಕೇ."

"ಆಮೇಲೆ?"

"ಆಮೇಲೆ ನಿಮ್ಮನ್ನ ನೋಡೋಕೆ. ಇಷ್ಟಪಟ್ಟುಬಿಟ್ಟೆ ಟೀಚರ್. ಹೇಳೋ ಯೋಗ್ಯತೆ ಇರಲಿಲ್ಲ, ಅದಕ್ಕೇ ನಲ್ಲಿ ಬಿಚ್ಚಿ ಬಿಚ್ಚಿ ಹಾಕ್ತಿದ್ದೆ."

ಅವಳು ಮುಖ ತಿರುಗಿಸಿದಳು. "ಒಳ್ಳೇ ನಲ್ಲಿ ಅದು. ವಾರಕ್ಕೊಂದು ಸಲ ಅದರ ವಾಷರ್ ತೆಗೆದಿಡ್ತಿದ್ದವಳು ನಾನು."

ಸಂತೋಷಪಡಬೇಕಾದ ಮಾತಿಗೆ ಸಂತೋಷಪಡಲೂ ಆಗದೆ ಕೆಸರಿನಲ್ಲಿ ನಿಂತಿದ್ದೆ. ಕೊನೆಗೆ ಅವಳೇ ರಾಟೆಯನ್ನು ಜೀಪಿನ ಹಿಂಬದಿಯ ಕೊಂಡಿಗೆ ಸಿಕ್ಕಿಸಿದಳು. ನಾನು ಹಗ್ಗವನ್ನು ಅದರಲ್ಲಿ ಹಾಯಿಸಿ ತುದಿಯನ್ನು ಮತ್ತೆ ಮರಕ್ಕೆ ಕಟ್ಟಿದೆ. ಅವಳು ಕೋಟಿನ ಕಾಲರನ್ನು ಒಮ್ಮೆ ನೇರ ಮಾಡಿದಳು. ನನ್ನ ಕೈ, ಅವಳ ಕೈ ಎರಡು ಮೂರು ಸಲ ತಾಗಿದವು. ಯಾರೂ ಹಿಂದೆಗೆಯಲಿಲ್ಲ.

ಎಂಜಿನ್ನು ಶುರುವಾಯಿತು. ಈ ಸಲ ಬಾನೆಟ್ಟಿನಿಂದ ಯಾವ ಸದ್ದೂ ಬರಲಿಲ್ಲ. ಅವಳೂ ಅದಕ್ಕೇ ಕಾಯುತ್ತಿದ್ದಳು. ಸ್ವಲ್ಪ ಹೊತ್ತು ಕಾದು, ಉಸಿರುಬಿಟ್ಟು, ಗುಂಡಿ ಒತ್ತಿದಳು.

ವಿಂಚು ಮುಂದಕ್ಕೆ ಎಳೆಯಿತು, ಜೀಪು ಹಿಂದಕ್ಕೆ ಬಂತು. ಮೊದಲು ಕೆಸರು ಚಪ್ಪರಿಸಿದ ಸದ್ದು, ಆಮೇಲೆ ಗೇಣಷ್ಟು, ಮೊಳದಷ್ಟು. ನಾಲ್ಕು ಐವತ್ತಕ್ಕೆ ಅಣೆಕಟ್ಟಿನ ಸೈರನ್ನು ಕೂಗಿದಾಗ ನಾಲ್ಕೂ ಚಕ್ರಗಳು ದಂಡೆಯ ಗಟ್ಟಿ ನೆಲದ ಮೇಲಿದ್ದವು. ಲಗುಬಗೆಯಿಂದ ಹಗ್ಗ ಬಿಚ್ಚಿ, ಪಟ್ಟಿ ಸುತ್ತಿಟ್ಟೆವು. ಸ್ವಲ್ಪ ಹೊತ್ತಿಗೆ ನೀರು ಬಂತು. ಜೀಪು ಕೂತಿದ್ದ ಗುಂಡಿ ತುಂಬಿ, ಅದಿದ್ದ ಗುರುತೂ ಅಳಿಸಿಹೋಗುವುದನ್ನು ಇಬ್ಬರೂ ನೋಡಿದೆವು. ಅವಳು ಅಲ್ಲೇ ನಿಂತು, ಎರಡು ವರ್ಷದಲ್ಲಿ ನನ್ನೆದುರು ಒಮ್ಮೆಯೂ ಅಳದಿದ್ದವಳು, ಜೋರಾಗಿ ಅತ್ತಳು. ನಾನೂ ಅತ್ತೆ.

ಅವಳು ಜೀಪು ಹತ್ತಿದಳು. ನಾನು ಬೈಕಿನ ಕಡೆ ನಡೆದೆ.

"ನಿಮ್ಮ ಮೇಲೆ ಸಿಟ್ಟಿದೆ," ಅಂದಳು ಹಿಂದಿನಿಂದ. "ಸಣ್ಣಪುಟ್ಟ ಸಿಟ್ಟಲ್ಲ."

"ಗೊತ್ತು. ಇನ್ನು ಬರಲ್ಲ."

"ಬರಬೇಡಿ ಅಂತ ಯಾರು ಹೇಳಿದ್ರು?" ಪಕ್ಕದ ಬಾಗಿಲು ತೆರೆದಿತ್ತು. "ಸಿಟ್ಟಲ್ಲಿ ಮಾತು ಬಿಟ್ಟು ಒಬ್ಬರನ್ನ ಕಳಿಸಿದ್ದೀನಿ. ಇನ್ನೊಬ್ಬರನ್ನ ಹಾಗೆ ಕಳಿಸಲ್ಲ. ಮನೆವರೆಗೂ ಬೈತೀನಿ. ಹತ್ತಿ."

ಹತ್ತಿ ಕೂತೆ. ಅವಳು ದಾರಿಯುದ್ದಕ್ಕೂ ಬೈದಳು, ಮಧ್ಯೆ ಮಧ್ಯೆ ಕಣ್ಣೊರೆಸಿಕೊಂಡಳು, ಮತ್ತೆ ಬೈದಳು. ನಾನು ಹೂಂಗುಟ್ಟುತ್ತಾ ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡೆ.