ಶಿರಸ್ತ್ರಾಣ ನಂಬಿದ ಗಾಳಿ

ಕಸ್ತೂರಿ ಅವಲಕ್ಕಿಯ ಒಗ್ಗರಣೆಗೆ ಎಣ್ಣೆ ಕಾಯಿಸುತ್ತಿದ್ದಾಗ ಕವಾಯತು ಮೈದಾನದಿಂದ ಫೋನ್ ಬಂತು. ಅವಳ ಗಂಡ ಹವಾಲ್ದಾರ ಬಸವಂತನ ತಲೆ ಹೊಸ ಶಿರಸ್ತ್ರಾಣದಲ್ಲಿ ಸಿಕ್ಕಿಕೊಂಡಿದೆಯಂತೆ. ಒಲೆ ಆರಿಸಿ, ಮಗಳು ಪಾರುವಿನ ಕೈ ಹಿಡಿದು ಓಡಿದಳು. ಮಧ್ಯಾಹ್ನ ಅವನು ಗಡಿಗೆ ಹೊರಡಬೇಕು. ಅದಕ್ಕೆ ಮುಂಚೆ ಮೂವರೂ ಕೂಡಿ ಕೂತು ಒಂದು ತುತ್ತು ತಿನ್ನಬೇಕೆಂಬುದಷ್ಟೇ ಅವಳ ಆಸೆ.

ವಿಷಾನಿಲವನ್ನೂ ಅಣುಧೂಳನ್ನೂ ತಡೆಯುವ ಆ ಶಿರಸ್ತ್ರಾಣಕ್ಕೆ ಸೈನಿಕರು ಇಟ್ಟ ಹೆಸರು ‘ಕೊಡ’. ಅದರಲ್ಲಿದ್ದ ಕೃತಕ ಮೂಗು ಸುತ್ತಲಿನ ಗಾಳಿಯನ್ನು ಮೂಸಿ, ಸುರಕ್ಷಿತವೆನಿಸಿದರೆ ಮಾತ್ರ ಕೊರಳಪಟ್ಟಿಯನ್ನು ಬಿಡುತ್ತಿತ್ತು. ಮೈದಾನದಲ್ಲಿ ತಂಗಾಳಿ ಬೀಸುತ್ತಿತ್ತು. ಬಸವಂತನ ಕೊಡ ಮಾತ್ರ ‘ಅಪಾಯ, ಅಪಾಯ’ ಎಂದು ಒದರುತ್ತಿತ್ತು.

ಅದನ್ನು ರೂಪಿಸಿದ ವಿಜ್ಞಾನಿ ಡಾ. ವೈಜಯಂತಿ ವಿವರಿಸಿದರು. ಮೊದಲ ವಾರ ಕೊಡವನ್ನು ಎಲ್ಲಿಡುತ್ತಾರೋ ಅಲ್ಲಿನ ಗಾಳಿಯನ್ನೇ ಅದು ಶುದ್ಧವೆಂದು ಕಲಿಯುತ್ತದೆ. ಶತ್ರುವಿನ ಕೈಗೆ ಸಿಕ್ಕರೂ ಆ ಕಲಿಕೆ ಅಳಿಯಬಾರದೆಂದು, ಅಳಿಸುವ ದಾರಿಯನ್ನೇ ಅವರು ಇಟ್ಟಿರಲಿಲ್ಲ.

“ಹೋದ ವಾರ ಇವರ ಜೊತೆ ಮನೆಗೆ ಕಳಿಸಿದ್ದೆವಲ್ಲ, ಇದನ್ನು ಅಲ್ಲಿ ಎಲ್ಲಿಟ್ಟಿದ್ದಿರಿ?”

“ಅಡಿಗಿ ಮನ್ಯಾಗ್ರೀ ಬಾಯಾರ. ಒಲಿ ಮ್ಯಾಲಿನ ಗೂಟಕ್ಕ ಹಾಕಿದ್ದೆ,” ಎಂದಳು ಕಸ್ತೂರಿ.

ವೈಜಯಂತಿ ಹಣೆ ಹಿಡಿದುಕೊಂಡರು. ಕತ್ತರಿಸಿ ತೆಗೆಯಿರೆಂದು ಕರ್ನಲ್ ಸಾಹೇಬರು ಗದರಿದರೆ, ಕತ್ತರಿಸಲು ಬರದಂತೆಯೇ ಮಾಡಿದ್ದೇವೆ ಎಂದು ತಗ್ಗಿದ ದನಿಯಲ್ಲಿ ಹೇಳಿದರು.

ಕಸ್ತೂರಿ ಒಂದು ಒಲೆ, ಬಾಣಲೆ ತರಿಸಿಕೊಂಡಳು. ಎಣ್ಣೆ, ಸಾಸಿವೆ, ಬೆಳ್ಳುಳ್ಳಿ, ಮೇಲೊಂದು ಹಿಡಿ ಒಣಮೆಣಸಿನಕಾಯಿ. ಘಾಟು ಎದ್ದಿತು. ಕರ್ನಲ್ ಸಾಹೇಬರು ಸೀನಿದರು. ಜವಾನರು ಕೆಮ್ಮುತ್ತ ಚದುರಿದರು. ವೈಜಯಂತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಮರದ ಹಿಂದೆ ಸರಿದರು. ಕೊಡ ನಿಧಾನವಾಗಿ ಮೂಸಿ, ‘ಗಾಳಿ ಶುದ್ಧ’ ಎಂದು ಟಕ್ಕನೆ ಬಿಚ್ಚಿಕೊಂಡಿತು. ಹೊರಗೆ ಬಂದ ಬಸವಂತ ಎಲ್ಲರಿಗಿಂತ ಜೋರಾಗಿ ಸೀನಿದ.

“ಇಷ್ಟ್ ವರ್ಷದಾಗ ನನ್ನ ಒಗ್ಗರಣಿ ನೀವೊಮ್ಮಿನೂ ಹೊಗಳಲಿಲ್ಲ. ಕಡೀಕ ಕೊಡ ಹೊಗಳ್ತು ನೋಡ್ರಿ,” ಎಂದಳು ಕಸ್ತೂರಿ.

ಬೇರೆ ಕೊಡ ಸಿದ್ಧಪಡಿಸಲು ಸಮಯವಿರಲಿಲ್ಲ. ಬಸವಂತನ ಗಂಟಿನಲ್ಲಿ ಒಂದು ಬಾಣಲೆಯೂ ಒಂದು ಚೀಲ ಮೆಣಸಿನಕಾಯಿಯೂ ಇರಲಿ ಎಂದು ಕರ್ನಲ್ ಸಾಹೇಬರು ಅಪ್ಪಣೆ ಕೊಟ್ಟಾಗ ಮೈದಾನವೆಲ್ಲ ನಕ್ಕಿತು.

ಪಾರು ಮಾತ್ರ ನಗಲಿಲ್ಲ. ಕೆಲವು ದಿನಗಳಿಂದ ಅವಳ ಗಂಟಲವರೆಗೆ ಬಂದು ಹಿಂದಿರುಗುತ್ತಿದ್ದ ಮಾತೊಂದಿತ್ತು. ಅದು ಯಾವುದೆಂದು ಕಸ್ತೂರಿಗೆ ಗೊತ್ತಿತ್ತು. ಗಂಡನ ರಜೆ ಮುಗಿದಾಗಲೆಲ್ಲ ತಾನೂ ಅದನ್ನೇ ನುಂಗಿಕೊಂಡಿದ್ದಳು. ಮಗಳು ಅಪ್ಪನ ಅಂಗಿಯ ಗುಂಡಿ ಹಿಡಿದು ಜಗ್ಗಿದಳು.

“ಅಪ್ಪಾ, ನಮ್ಮ ಮನಿ ಬಿಟ್ರ ಎಲ್ಲಾ ಕಡೆ ಅಪಾಯ ಐತಿ ಅಂತ ಕೊಡಕ್ಕೂ ತಿಳೀತು. ಮತ್ತ ನೀ ಯಾಕ ಹೊಂಟಿ?”